ಯಾರು ಯಾರಿಗೆ ಹೇಳಿದರು

ಸರ್ವಮಂಗಳಾ ಕೋಪ ಬಂದರೆ ಕೂಗಾಡುತ್ತಿರಲಿಲ್ಲ. ಅವಳ ವಿಷಯದಲ್ಲಿ ಹೆದರಬೇಕಾದದ್ದೇ ಅದಕ್ಕೆ. ಕೂಗಾಡುವವರ ಕೋಪ ಊಟದ ಹೊತ್ತಿಗೆ ಆರಿಹೋಗುತ್ತದೆ. ಇವಳು ಕೋಪವನ್ನು ಉಪ್ಪಿನಕಾಯಿ ಹಾಕಿದ ಹಾಗೆ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲಿಟ್ಟು ಕಾಯುವವಳು. ಚಾಮರಾಜಪೇಟೆಯ ಮನೆಯಿಂದ ವಿಶ್ವೇಶ್ವರಪುರದ ಹೆಣ್ಣುಮಕ್ಕಳ ಹೈಸ್ಕೂಲಿಗೆ ದಿನಾ ನಡೆದುಕೊಂಡು ಹೋಗುತ್ತಿದ್ದ ಈ ಕನ್ನಡ ಪಂಡಿತೆ ದಾರಿಯಲ್ಲಿ ಯಾರನ್ನು ಕಂಡರೂ ನಗುತ್ತಿದ್ದಳು. ಇಂಥ ಸಾಧು ಹೆಂಗಸು ಇನ್ನೊಬ್ಬಳಿಲ್ಲ ಎಂದು ಅಕ್ಕಪಕ್ಕದವರು ಹೇಳಿಕೊಳ್ಳುತ್ತಿದ್ದರು. ಪಾಪ, ಅವರಿಗೇನು ಗೊತ್ತು.

ಅವಳನ್ನು ಸಾಕಿದವಳು ಅಜ್ಜಿ ಗುರುಬಸಮ್ಮ. ಪೇಟೆಯಲ್ಲಿ ಜವಳಿ ವ್ಯಾಪಾರ ಮಾಡುತ್ತಿದ್ದ ಅಪ್ಪ, ಅವನ ಹಿಂದೆಯೇ ಅಮ್ಮ, ಇಬ್ಬರೂ ಪ್ಲೇಗಿಗೆ ತುತ್ತಾದ ಮೇಲೆ ಉಳಿದದ್ದು ಅಜ್ಜಿ ಮತ್ತು ಮೊಮ್ಮಗಳು. ಅಜ್ಜಿ ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಸೀಗೆಕಾಯಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಬಸವನಗುಡಿಯ ದೊಡ್ಡ ಮನೆಗಳಿಗೆ ಸೀಗೆಪುಡಿ ಮಾರಿದಳು. ಸೀಗೆಕಾಯಿ ಕುಟ್ಟುವ ಮನೆಯನ್ನು ಯಾರೂ ವಿಳಾಸ ಕೇಳಿ ಹುಡುಕಬೇಕಾಗಿಲ್ಲ, ಬೀದಿಯ ತುದಿಯಿಂದಲೇ ಸೀನು ದಾರಿ ತೋರಿಸುತ್ತದೆ. ಸರ್ವಮಂಗಳಾ ಅಕ್ಷರ ಕಲಿತದ್ದು, ಇಂಟರ್‌ಮೀಡಿಯೆಟ್ ಮುಗಿಸಿದ್ದು, ಟ್ರೈನಿಂಗ್ ಕಾಲೇಜಿಗೆ ಹೋದದ್ದು ಎಲ್ಲವೂ ಆ ಪುಡಿಯ ಮೇಲೆಯೇ.

ಹಿತ್ತಲಿನ ಆಚೆ ಬದಿಯ ಮನೆಯಲ್ಲಿದ್ದ ತುಳಸಮ್ಮನೂ ಇದೇ ಕಸುಬು ಹಿಡಿದವಳು. ಎರಡು ಮನೆಗೂ ಸೇರಿ ಇದ್ದದ್ದು ಒಂದೇ ಕಲ್ಲಿನ ಒರಳು. ತಲೆಗೆ ಹಾಕುವ ಪುಡಿಯಾದ್ದರಿಂದ ಮಡಿ ಮೈಲಿಗೆಯ ರಗಳೆ ಇರಲಿಲ್ಲ, ಆದರೆ ಪೈಪೋಟಿ ಹೇಳತೀರದಷ್ಟಿತ್ತು. ಯಾರು ಮೊದಲು ಕುಟ್ಟುವುದು, ಯಾವ ಮನೆ ಯಾರ ಗಿರಾಕಿ, ಎಲ್ಲಕ್ಕೂ ಜಗಳ. ಒಂದು ದಿನ ಹೊಟ್ಟೆಕಿಚ್ಚು ತಡೆಯಲಾರದೆ ತುಳಸಮ್ಮ ಅಜ್ಜಿಯ ಪುಡಿಗೆ ಮಣ್ಣು ಬೆರೆಸಿಬಿಟ್ಟಳು. ಪುಡಿಯೆಲ್ಲ ಹಾಳಾಯಿತು, ಗಿರಾಕಿಗಳು ಬೈದರು. ಅದಾದ ಸ್ವಲ್ಪ ದಿನಕ್ಕೇ ಒಂದು ದೊಡ್ಡ ಮದುವೆ ಮನೆಯಿಂದ ಇಬ್ಬರಿಗೂ ಸೇರಿಸಿ ಮೂಟೆಗಟ್ಟಲೆ ಪುಡಿ ಬೇಕೆಂದು ಕೇಳಿಬಂತು. ಒಬ್ಬಳಿಂದ ಆಗುವ ಕೆಲಸವಲ್ಲ. ಮಣ್ಣು ಬೆರೆಸಿದವಳು ಯಾರೆಂದು ಗೊತ್ತಿದ್ದೂ ಅಜ್ಜಿ ಹಿತ್ತಲಿಗೆ ಹೋಗಿ ತುಳಸಮ್ಮನನ್ನು ಕೂಗಿ ಕರೆದು, ಎರಡನೆಯ ಒನಕೆ ಕೈಗೆ ಕೊಟ್ಟು ಹೇಳಿದಳು: "ನೀನು ಎತ್ತಿದಾಗ ನಾನು ಇಳಿಸ್ತೀನಿ, ನಾನು ಎತ್ತಿದಾಗ ನೀನು ಇಳಿಸು. ಇಬ್ರೂ ಒಟ್ಟಿಗೆ ಇಳಿಸಿದ್ರೆ ಒಡೆಯೋದು ಒರಳು." ಮದುವೆ ಮನೆಗೆ ಪುಡಿ ಹೊತ್ತಿಗೆ ಸರಿಯಾಗಿ ಹೋಯಿತು.

ಈ ಕಥೆಯನ್ನು ಸರ್ವಮಂಗಳಾ ಮೊದಲು ಹೇಳಿದ್ದು ಗೆಳತಿ ಆಂಡಾಳ್‌ಗೆ. ಟ್ರೈನಿಂಗ್ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚು. ಪ್ರಬಂಧದ ಬಹುಮಾನ ಒಂದು ವರ್ಷ ಇವಳಿಗೆ, ಇನ್ನೊಂದು ವರ್ಷ ಅವಳಿಗೆ. ನಲವತ್ತನಾಲ್ಕರ ಬೇಸಿಗೆಯಲ್ಲಿ ಅದೇ ಹಿತ್ತಲಲ್ಲಿ ಕೂತು ಇಬ್ಬರೂ ಸೇರಿ ಕಥೆ ಕಟ್ಟಿದರು. ಸರ್ವಮಂಗಳಾ ಹೇಳುವುದು, ಆಂಡಾಳ್ ಬರೆಯುವುದು, ಒಂದೊಂದು ವಾಕ್ಯಕ್ಕೂ ಕಿತ್ತಾಡುವುದು. ಕೊನೆಯಲ್ಲಿ ಇಬ್ಬರು ಮುದುಕಿಯರು ಅಪ್ಪಿಕೊಂಡು ಅಳಬೇಕೆಂದು ಆಂಡಾಳ್ ಹಟ ಹಿಡಿದಳು. "ಅಳೋದೂ ಬೇಡ, ಅಪ್ಪಿಕೊಳ್ಳೋದೂ ಬೇಡ ಕಣೆ," ಎಂದಳು ಸರ್ವಮಂಗಳಾ. "ಅವರಿಬ್ರೂ ಸ್ನೇಹಿತೆಯರಾಗಲೇ ಇಲ್ಲ. ಒನಕೆ ಒಂದಾದ ಮೇಲೆ ಒಂದು ಬಿತ್ತು, ಅಷ್ಟೆ. ಪೈಪೋಟಿ ಹಾಗೇ ಇತ್ತು, ಸರದಿ ಮಾತ್ರ ಕಲಿತ್ರು." ಆಂಡಾಳ್ ಹಾಗೆಯೇ ಬರೆದಳು. ಹೆಸರುಗಳು ಇದ್ದ ಹಾಗೆಯೇ ಇರಲಿ ಎಂದವಳು ಸರ್ವಮಂಗಳಾ. ಮುಂದೆ ಆ ಮಾತಿಗೆ ಅವಳು ಎಷ್ಟು ಸಲ ಹಣೆ ಚಚ್ಚಿಕೊಂಡಳೋ.

ಮರುವರ್ಷ ಆಂಡಾಳ್ ಮದುವೆಯಾಗಿ ಮಲ್ಲೇಶ್ವರಕ್ಕೆ ಹೋದಳು. ಅದೇ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಅದರ ಮುಂದಿನ ಯುಗಾದಿಗೆ ಒಂದು ಮಾಸಪತ್ರಿಕೆಯಲ್ಲಿ 'ಜೋಡಿ ಒನಕೆ' ಎಂಬ ಹೆಸರಿನಲ್ಲಿ ಆ ಕಥೆ ಅಚ್ಚಾಯಿತು. ಲೇಖಕಿಯ ಹೆಸರು ಆಂಡಾಳ್ ಒಬ್ಬಳದೇ. ತನಗೆ ಅದೇನೂ ಅನ್ನಿಸಲಿಲ್ಲ ಎಂದು ಸರ್ವಮಂಗಳಾ ಹೇಳುತ್ತಿದ್ದಳು. ಅದು ಸುಳ್ಳು, ಅನ್ನಿಸಿತ್ತು. ಆದರೆ ಕಥೆಯ ಒಳಗೆ ಹೋದ ಮೇಲೆ ಅದನ್ನು ಮರೆತೇಬಿಟ್ಟಳು. ಹೆಸರುಗಳು ಅದಲು ಬದಲಾಗಿದ್ದವು. ಮಣ್ಣು ಬೆರೆಸಿದವಳು ಗುರುಬಸಮ್ಮ. ಒನಕೆ ಕೈಗೆ ಕೊಟ್ಟು ಆ ದೊಡ್ಡ ಮಾತು ಹೇಳಿದವಳು ತುಳಸಮ್ಮ.

ಆ ಮಧ್ಯಾಹ್ನವೇ ಅವಳು ಮಲ್ಲೇಶ್ವರಕ್ಕೆ ಹೋದಳು. ಜಗಲಿಯ ಮೇಲೆ ಆಂಡಾಳಳ ಅತ್ತೆ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಂಡಾಳ್ ಕಾಫಿ ತಂದಿಟ್ಟಳು, ಕಣ್ಣು ಮಾತ್ರ ಎತ್ತಲಿಲ್ಲ.

"ನಮ್ಮಜ್ಜಿ ಮಣ್ಣು ಬೆರೆಸಿದ್ಲೇನೆ?" ಎಂದು ಸರ್ವಮಂಗಳಾ ಅವಳಿಗಷ್ಟೇ ಕೇಳಿಸುವಂತೆ ಕೇಳಿದಳು.

ಆಂಡಾಳ್ ಅತ್ತೆಯ ಕಡೆ ಒಮ್ಮೆ ನೋಡಿ, "ಕಥೆ ಅಂದ್ಮೇಲೆ ಸ್ವಲ್ಪ ಆ ಕಡೆ ಈ ಕಡೆ ಆಗುತ್ತೆ ಮಂಗಳಾ. ಕಾಫಿ ತಗೋ, ಆರಿಹೋಗುತ್ತೆ," ಎಂದಳು.

ಸರ್ವಮಂಗಳಾ ಕಾಫಿ ಮುಟ್ಟದೆ ಎದ್ದು ಬಂದಳು. ಜಾಡಿಗೆ ಬಟ್ಟೆ ಕಟ್ಟಿದ್ದು ಆವತ್ತು.

ಪತ್ರಿಕೆ ಹೋಗಲಿ, ತಿಂಗಳು ಕಳೆದರೆ ರದ್ದಿ. ಆದರೆ ಐವತ್ತೆರಡರಲ್ಲಿ ಆ ಕಥೆ ಹೈಸ್ಕೂಲಿನ ಕನ್ನಡ ಪಠ್ಯಕ್ಕೆ ಬಂತು. ಪೈಪೋಟಿಗಿಂತ ಸಹಕಾರ ದೊಡ್ಡದು ಎಂದು ಪಾಠದ ಕೊನೆಗೆ ನೀತಿಯನ್ನೂ ಅಂಟಿಸಿದ್ದರು. ರಾಜ್ಯದ ಮಕ್ಕಳೆಲ್ಲ ಅದನ್ನು ಓದಬೇಕು. ಒಂದು ತಿಂಗಳೊಳಗೆ ಸರ್ವಮಂಗಳಾಳ ಶಾಲೆಯ ಅಂಗಳದಲ್ಲೇ ಹುಡುಗಿಯರ ಬಾಯಲ್ಲಿ ಹೊಸ ಬೈಗುಳ ಕೇಳಿಬಂತು. ಯಾರಾದರೂ ಆಟದಲ್ಲಿ ಮೋಸ ಮಾಡಿದರೆ, ಇನ್ನೊಬ್ಬಳ ಮೇಲೆ ಚಾಡಿ ಹೇಳಿದರೆ, "ಹೋಗೇ ಮಣ್ಣು ಗುರುಬಸಮ್ಮ" ಎನ್ನುತ್ತಿದ್ದರು. ಪಂಡಿತೆಯ ಅಜ್ಜಿಯ ಹೆಸರು ಅದೆಂದು ಅವರಿಗೆ ಹೇಗೆ ಗೊತ್ತಾಗಬೇಕು. ಸರ್ವಮಂಗಳಾ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯುವಷ್ಟು ಬಿಗಿಹಿಡಿದು ಸ್ಟಾಫ್ ರೂಮಿಗೆ ಹೋಗಿ ಕೂತಳು. ತನ್ನನ್ನು ಓದಿಸಿದ ಕೈಗೆ ಈ ಊರು ಕೊಟ್ಟ ಬಿರುದು ಅದು. ಮತ್ತು ಆ ಪಾಠವನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಡಬೇಕಾದವಳು ತಾನೇ.

ಹೇಳಿಕೊಟ್ಟಳು. ಹಾಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಆಂಡಾಳ್ ಹೆಸರುಗಳನ್ನಷ್ಟೇ ಬದಲಿಸಿದ್ದಳು, ಮಿಕ್ಕದ್ದನ್ನು ಮುಟ್ಟಿರಲಿಲ್ಲ. ಅಚ್ಚಾದ ಕಥೆಯಲ್ಲಿ ಮಣ್ಣು ಬೆರೆಸುವ ಗುರುಬಸಮ್ಮ ಏಕಾದಶಿಯ ಉಪವಾಸ ಮಾಡುತ್ತಾಳೆ. ಒನಕೆ ಕೈಗೆ ಕೊಡುವ ತುಳಸಮ್ಮ, ಕುಟ್ಟುವಾಗ ಓಲಾಡದಿರಲೆಂದು ಕೊರಳ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಳ್ಳುತ್ತಾಳೆ. ಇಷ್ಟಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ತುಳಸಮ್ಮನ ಕೊರಳಿಗೆ ಎಲ್ಲಿಂದ ಬಂತೆಂದು ಪಠ್ಯಪುಸ್ತಕದ ಸಮಿತಿಯ ಅಷ್ಟೂ ಪಂಡಿತರಲ್ಲಿ ಒಬ್ಬರೂ ಕೇಳಲಿಲ್ಲ. ಸರ್ವಮಂಗಳಾ ಕೇಳಿದಳು, ತರಗತಿಯಲ್ಲಿ, ಸಣ್ಣ ದನಿಯಲ್ಲಿ.

"ಪುಸ್ತಕ ಓದೋದು ಅಂದ್ರೆ ಹೆಸರು ಓದೋದಲ್ಲ," ಎಂದಳು ಹುಡುಗಿಯರಿಗೆ. "ಕೈ ನೋಡಿ, ಕೊರಳು ನೋಡಿ. ಕರಡಿಗೆ ಕಟ್ಟಿದವಳು ಯಾರಿರಬೇಕು?"

"ಗುರುಬಸಮ್ಮ, ಮಿಸ್."

"ಹಾಗಾದ್ರೆ ಆ ಮಾತು ಯಾರು ಯಾರಿಗೆ ಹೇಳಿದ್ದು?"

"ಗುರುಬಸಮ್ಮ ತುಳಸಮ್ಮನಿಗೆ ಹೇಳಿದ್ದು, ಮಿಸ್."

"ಬರ್ಕೊಳಿ."

ಬರೆದುಕೊಂಡರು. ಹುಡುಗಿಯರ ಬಾಯಲ್ಲಿದ್ದ ಬೈಗುಳ ನಿಂತುಹೋಯಿತು. ಆದರೆ ಅವಳಿಗೆ ತನ್ನ ಶಾಲೆಯೊಂದೇ ಸಾಕಾಗಲಿಲ್ಲ. ಕನ್ನಡ ಪರೀಕ್ಷೆಯಲ್ಲಿ ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಪಾಠದ ಒಂದು ಮಾತು ಎತ್ತಿಕೊಟ್ಟು, ಯಾರು ಯಾರಿಗೆ ಯಾವಾಗ ಹೇಳಿದರೆಂದು ಬರೆಯಿಸುವುದು. ಆ ಒನಕೆಯ ಮಾತು ಎಂದಾದರೂ ಎಸ್ಸೆಸ್ಸೆಲ್ಸಿಯಲ್ಲಿ ಬರಬೇಕು, ತನ್ನ ಹುಡುಗಿಯರ ಉತ್ತರ ಪರೀಕ್ಷಕಿಯಾಗಿ ಬರುವ ಆಂಡಾಳಳ ಕಣ್ಣಿಗೆ ಬೀಳಬೇಕು, ಅವಳ ಎದೆ ಧಸಕ್ಕೆನ್ನಬೇಕು. ಪ್ರತಿ ಬೇಸಿಗೆಯಲ್ಲೂ ಪ್ರಶ್ನೆಪತ್ರಿಕೆ ಸಿಕ್ಕ ಕೂಡಲೇ ಅವಳ ಕಣ್ಣು ಹೋಗುತ್ತಿದ್ದದ್ದು ಆ ಪ್ರಶ್ನೆಗೆ. ಎರಡು ವರ್ಷ ಬರಲಿಲ್ಲ. ಐವತ್ತೈದರಲ್ಲಿ ಬಂತು. ಆವತ್ತು ಸಂಜೆ ಅವಳು ತನ್ನೊಬ್ಬಳಿಗೇ ಪಾಯಸ ಮಾಡಿಕೊಂಡು ಉಂಡಳು. ಹುಡುಗಿಯರಿಗೆ ಅಂಕ ಹೋಗುತ್ತದೆಂಬ ಯೋಚನೆ ಬಂದಿರಲಿಲ್ಲವೇ? ಬಂದಿತ್ತು. ಒಂದು ಪ್ರಶ್ನೆಯ ಅಂಕ ಹೋದರೆ ಯಾರೂ ನಪಾಸಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಇನ್ನೊಂದು ಲೋಟ ಪಾಯಸ ಬಗ್ಗಿಸಿಕೊಂಡಳು.

ಉತ್ತರಪತ್ರಿಕೆಗಳನ್ನು ತಿದ್ದಲು ಬೇಸಿಗೆ ರಜೆಯಲ್ಲಿ ಊರೂರಿನ ಕನ್ನಡ ಪಂಡಿತರನ್ನೆಲ್ಲ ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಸೇರಿಸುತ್ತಿದ್ದರು. ಮೇಲ್ವಿಚಾರಕರು ಬದರೀನಾರಾಯಣ ಎಂಬ ಹಿರಿಯರು. ಸರಿ ಉತ್ತರಗಳ ಪಟ್ಟಿ ಮಾಡಿದವಳು, ಈಗ ಮಲ್ಲೇಶ್ವರದ ಒಂದು ಶಾಲೆಯಲ್ಲಿ ಹೆಸರು ಮಾಡಿದ್ದ ಆಂಡಾಳ್. ಸರ್ವಮಂಗಳಾ ಹಿಂದಿನ ಸಾಲಿನಲ್ಲಿ ಕೂತು ಬೇರೆ ಊರಿನ ಮಕ್ಕಳ ಪತ್ರಿಕೆ ತಿದ್ದುತ್ತಿದ್ದಳು. ಮೂರನೆಯ ದಿನ ಪರಮಶಿವಯ್ಯ ಎಂಬ ಮೇಷ್ಟರು ಒಂದು ಕಟ್ಟು ಹಿಡಿದು ಎದ್ದರು. ಕಟ್ಟಿನ ಮೇಲೆ ಗುಪ್ತ ನಂಬರು ಮಾತ್ರ, ಶಾಲೆಯ ಹೆಸರಿರುವುದಿಲ್ಲ.

"ಸಾರ್, ಇದನ್ನ ಸ್ವಲ್ಪ ನೋಡಿ. ಎಲ್ಲಾ ಹುಡುಗೀರೂ ಒಂದೇ ತಪ್ಪು ಬರೆದಿದಾರೆ. ಗುರುಬಸಮ್ಮ ತುಳಸಮ್ಮನಿಗೆ ಹೇಳಿದಳು ಅಂತ. ಕರಡಿಗೆ ಕರಡಿಗೆ ಅಂತ ಬೇರೆ ಏನೇನೋ ಇದೆ."

ಬದರೀನಾರಾಯಣರು ನಾಲ್ಕಾರು ಪತ್ರಿಕೆ ಮಗುಚಿ ನೋಡಿದರು. "ಸರಿ ಉತ್ತರ ಎಲ್ರೂ ಒಂದೇ ಥರ ಬರೀಬಹುದು ಪರಮಶಿವಯ್ಯನೋರೆ. ತಪ್ಪು ಉತ್ತರ ಹೀಗೆ ಒಂದೇ ಥರ ಬಂದ್ರೆ ಅದು ನಕಲು. ಪೂರ್ತಿ ಹಾಲ್‌ಗೆ ಹಾಲೇ ಕಾಪಿ ಹೊಡೆದಿದೆ. ಈ ಕಟ್ಟಿನ ಫಲಿತಾಂಶ ತಡೆಹಿಡಿಯೋಣ, ವಿಚಾರಣೆ ಆಗ್ಲಿ."

ಸರ್ವಮಂಗಳಾ ತಿದ್ದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟಳು. ಇದು ಅವಳ ಲೆಕ್ಕದಲ್ಲಿರಲಿಲ್ಲ. ಆ ಹುಡುಗಿಯರ ಮನೆಗಳು ಅವಳಿಗೆ ಗೊತ್ತು. ಕಾಪಿ ಹೊಡೆದವಳೆಂಬ ಹೆಸರು ಬಂದರೆ ಅರ್ಧ ಹುಡುಗಿಯರನ್ನು ಮುಂದೆ ಓದಿಸುವುದಿಲ್ಲ, ಆಷಾಢ ಕಳೆಯುತ್ತಲೇ ಮದುವೆ ಮಾಡಿ ಸಾಗಹಾಕುತ್ತಾರೆ. ತನ್ನ ಅಜ್ಜಿಯ ಹೆಸರು ಉಳಿಸಲು ಹೋಗಿ ಒಂದು ಇಡೀ ತರಗತಿಯ ಹೆಸರಿಗೆ ಮಣ್ಣು ಬೆರೆಸಿದ್ದಳು. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ. ಪುಸ್ತಕಕ್ಕೆ ವಿರುದ್ಧವಾಗಿ ಪಾಠ ಹೇಳಿದೆ ಎಂದು ಬಾಯಿಬಿಟ್ಟರೆ ಅದೂ ಹೋಗಬಹುದು. ಎದುರಿಗೆ ಆಂಡಾಳ್ ಆ ಪತ್ರಿಕೆಗಳನ್ನು ಓದುತ್ತಾ ಬಿಳಿಚಿಕೊಂಡಿದ್ದಳು. ಎಷ್ಟೋ ವರ್ಷದಿಂದ ನೋಡಬೇಕೆಂದಿದ್ದ ಮುಖ ಅದು. ಆದರೆ ಆ ಹೊತ್ತಿನಲ್ಲಿ ಅದನ್ನು ಸವಿಯುವುದಕ್ಕೆ ಪುರುಸೊತ್ತಿರಲಿಲ್ಲ.

"ಅದು ನಕಲಲ್ಲ ಸಾರ್. ನಾನೇ ಹೇಳಿಕೊಟ್ಟದ್ದು," ಎಂದು ಅವಳು ಎದ್ದು ನಿಂತಳು.

ಎಲ್ಲರ ಲೇಖನಿಯೂ ನಿಂತಿತು. ಅವಳು ಮೇಜಿನ ಮೇಲಿದ್ದ ಪಠ್ಯಪುಸ್ತಕ ತೆಗೆದುಕೊಂಡು ಆ ಭಾಗವನ್ನು ಗಟ್ಟಿಯಾಗಿ ಓದಿದಳು. ಓದಿ, "ಪರಮಶಿವಯ್ಯನೋರೆ, ಯಾವ ತುಳಸಮ್ಮ ಕೊರಳಿಗೆ ಕರಡಿಗೆ ಕಟ್ತಾಳೆ? ನಮ್ಮೋರು ಯಾರು ಏಕಾದಶಿ ಉಪವಾಸ ಮಾಡ್ತಾರೆ?" ಎಂದು ಕೇಳಿದಳು.

ಮೂರು ವರ್ಷದಿಂದ ಅದೇ ಪಾಠ ಮಾಡುತ್ತಿದ್ದ ಪರಮಶಿವಯ್ಯನವರ ಕೈ ತಾನಾಗಿ ಅಂಗಿಯ ಮೇಲೆ, ತಮ್ಮದೇ ಕರಡಿಗೆಯಿದ್ದ ಕಡೆಗೆ ಹೋಯಿತು. ಅಲ್ಲಲ್ಲಿ ನಗು ಕೇಳಿಸಿತು. ಬದರೀನಾರಾಯಣರು ಪುಸ್ತಕವನ್ನು ಕನ್ನಡಕದ ಹತ್ತಿರ ಹಿಡಿದು ಎರಡೆರಡು ಸಲ ಓದಿದರು. ಆಮೇಲೆ, "ಆಂಡಾಳಮ್ಮ, ಕಥೆ ನಿಮ್ಮದು. ನೀವೇ ಹೇಳಿ," ಎಂದರು.

ಸರ್ವಮಂಗಳಾ ಕಾದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ಈ ಸಭೆಯಲ್ಲಿ, ಇಷ್ಟು ಜನ ಪಂಡಿತರ ಎದುರಿಗೆ, ತಾನೇ ಬೇಕೆಂದು ಬದಲಿಸಿದೆ ಎಂದು ಆಂಡಾಳ್ ಹೇಳಬೇಕು.

ಆಂಡಾಳ್ ಎದ್ದು, ಸೆರಗು ಸರಿಮಾಡಿಕೊಂಡು ಹೇಳಿದಳು: "ಅವರು ಹೇಳಿದ್ದು ಸರಿ ಸಾರ್. ಹೆಸರು ಹಿಂದೆ ಮುಂದೆ ಆಗಿದೆ. ಅಚ್ಚಿನ ತಪ್ಪು. ಎರಡು ಉತ್ತರಕ್ಕೂ ಅಂಕ ಕೊಟ್ಟುಬಿಡಿ."

ಸಭೆಗೆ ಸಮಾಧಾನವಾಯಿತು. ಅಚ್ಚುಕೂಟದವರಿಗೆ ಕಣ್ಣಿಲ್ಲ ಎಂದರು ಒಬ್ಬರು. ಮೊಳೆ ಜೋಡಿಸುವವರು ಇತ್ತೀಚೆಗೆ ತೀರಾ ಕೆಟ್ಟಿದ್ದಾರೆ ಎಂದರು ಇನ್ನೊಬ್ಬರು. ಕಾಣದ ಯಾವನೋ ಮೊಳೆ ಜೋಡಿಸುವವನ ತಲೆಗೆ ತಪ್ಪನ್ನೆಲ್ಲ ಕಟ್ಟಿ ಎಲ್ಲರೂ ಮತ್ತೆ ತಿದ್ದಲು ಕೂತರು. ಅದು ಸುಳ್ಳೆಂದು ಸರ್ವಮಂಗಳಾ ಕೂಗಬಹುದಾಗಿತ್ತು. ಕೂಗಿದರೆ ಕಟ್ಟು ಮತ್ತೆ ವಿಚಾರಣೆಗೆ ಹೋಗುತ್ತದೆ. ಹಲ್ಲು ಕಚ್ಚಿಕೊಂಡು ಕೂತಳು. ಹುಡುಗಿಯರು ಉಳಿದರು, ಆಂಡಾಳಳ ಮಾನವೂ ಉಳಿಯಿತು. ಉಳಿಯದೆ ಹೋದದ್ದು ಇವಳ ಸೇಡು.

ಬಿಡುವಿನಲ್ಲಿ ಅಂಗಳದ ನಲ್ಲಿಯ ಹತ್ತಿರ ಆಂಡಾಳ್ ತಾನಾಗಿಯೇ ಬಂದಳು.

"ಯಾಕೆ ಬದಲಾಯಿಸ್ದೆ ಅಂತ ಇವತ್ತಾದ್ರೂ ಹೇಳು," ಎಂದಳು ಸರ್ವಮಂಗಳಾ.

ಆಂಡಾಳ್ ಸುತ್ತ ನೋಡಿ ದನಿ ತಗ್ಗಿಸಿದಳು. "ನಮ್ಮತ್ತೆ ಹೆಸರೇನು ಗೊತ್ತಾ ನಿಂಗೆ?"

"ಇಲ್ಲ."

"ಹೇಗೆ ಗೊತ್ತಿರುತ್ತೆ. ನಾನು ಬಾಯಲ್ಲಿ ಹೇಳೋ ಹಾಗಿಲ್ಲ." ಅವಳು ಕಂಬದ ಆಚೆ ಒಂದು ಕುಂಡದಲ್ಲಿ ಬಾಡಿದ್ದ ತುಳಸಿ ಗಿಡದ ಕಡೆ ಬೆರಳು ತೋರಿಸಿದಳು. "ಮದುವೆಯಾದ ಹೊಸದು. ಸೊಸೆ ಕಥೆ ಬರೀತಾಳೆ ಅಂತ ಮನೇಲಿ ರಾದ್ಧಾಂತ. ಓದಿ ಹೇಳು ನೋಡೋಣ ಅಂದ್ರು ಅತ್ತೆ. ಓದ್ತಾ ಓದ್ತಾ ಆ ಹೆಸರು ಬಂತು ಕಣೆ. ಮಣ್ಣು ಬೆರೆಸಿದವಳು ಅಂತ ಅವರ ಎದುರಿಗೆ ಹೇಗೆ ಓದ್ಲಿ? ಅಲ್ಲೇ ಬಾಯಲ್ಲೇ ಎರಡು ಹೆಸರನ್ನೂ ಅದಲು ಬದಲು ಮಾಡಿಬಿಟ್ಟೆ. ನಾನು ಹೆಸರು ಹಿಡಿದದ್ದಕ್ಕೂ ಅವರು ಬೈಲಿಲ್ಲ. ನನ್ನ ಮೇಲೇ ಬರೆದಿದಾಳೆ ಅಂತ ಹಿಗ್ಗಿಹೋದ್ರು. ಬರೀ ಅಂದ್ರು, ಅಚ್ಚಿಗೆ ಕಳಿಸು ಅಂದ್ರು, ಕೆಲಸಕ್ಕೆ ಹೋಗು ಅಂದ್ರು. ಇವತ್ತು ನಾನು ಇಲ್ಲಿ ನಿಂತಿದೀನಿ ಅಂದ್ರೆ ಆ ಒಂದು ಓದಿನಿಂದ. ಆಮೇಲೆ ತಿದ್ದೋಕೆ ಧೈರ್ಯ ಬರ್ಲಿಲ್ಲ."

"ನಿಮ್ಮತ್ತೆ ಮುಖ ಉಳಿಸೋಕೆ ನಮ್ಮಜ್ಜಿ ಮುಖಕ್ಕೆ ಮಸಿ ಬಳಿದೆ."

"ಹೂಂ. ಬಳಿದೆ." ಆಂಡಾಳಳ ಕಣ್ಣು ತುಂಬಿತು. "ಹೊಸ ಮುದ್ರಣ ಬರ್ತಿದೆ, ಅಚ್ಚಿನ ತಪ್ಪು ಅಂತ ಹೇಳಿ ತಿದ್ದಿಸಿಬಿಡ್ತೀನಿ. ಅವರಿಗೆ ಮಾತ್ರ ಗೊತ್ತಾಗೋದು ಬೇಡ. ಕಣ್ಣು ಹೋಗಿದೆ, ಹಾಸಿಗೆ ಹಿಡಿದಿದಾರೆ. ಇನ್ನೆಷ್ಟು ದಿನ ಇರ್ತಾರೆ? ಅಷ್ಟು ಮಾತ್ರ ನಡೆಸಿಕೊಡು ಮಂಗಳಾ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕರಗುತ್ತಿದ್ದರು. ಸೊಸೆಯಾಗಿ ಒಂದು ಮನೆಯಲ್ಲಿ ಬಾಳುವುದು ಏನೆಂದು ತಿಳಿಯದಷ್ಟು ದಡ್ಡಿಯಲ್ಲ ಸರ್ವಮಂಗಳಾ. ಒಂದು ಕ್ಷಣ ಅವಳಿಗೂ ಅಯ್ಯೋ ಎನ್ನಿಸಿತು. ಅದರ ಬೆನ್ನಿಗೇ, ಒನಕೆ ಹಿಡಿದು ಹಿಡಿದು ಜಡ್ಡುಗಟ್ಟಿದ ಅಜ್ಜಿಯ ಅಂಗೈ ನೆನಪಾಯಿತು.

"ಸತ್ತವಳ ಮೇಲೆ ಹೊರಿಸಿದೆ, ಅವಳು ಉತ್ತರ ಕೊಡೋ ಹಾಗಿರ್ಲಿಲ್ಲ," ಎಂದಳು. "ನಿಮ್ಮತ್ತೆ ಬದುಕಿದಾರೆ. ತಿದ್ದಿದ ಪಾಠ ನೀನೇ ಅವರಿಗೆ ಓದಿ ಹೇಳ್ಬೇಕು. ನಾನು ಬಂದು ಕೂತ್ಕೊಂಡು ಕೇಳ್ತೀನಿ. ಇಲ್ಲ ಅಂದ್ರೆ ಅಚ್ಚಿನ ತಪ್ಪು ಯಾರದ್ದು ಅಂತ ಪಠ್ಯ ಸಮಿತಿ ಮುಂದೆ ಹೇಳ್ತೀನಿ."

ಆಂಡಾಳ್ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡು, "ಬಾ," ಎಂದಳು.

ಶಾಲೆ ಶುರುವಾಗುವ ಹೊತ್ತಿಗೆ ಹೊಸ ಪುಸ್ತಕ ಬಂತು. ಹೆಸರುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿದ್ದವು. ಭಾನುವಾರ ಬೆಳಿಗ್ಗೆ ಸರ್ವಮಂಗಳಾ ಮಲ್ಲೇಶ್ವರಕ್ಕೆ ಹೋದಳು. ನಡುಮನೆಯ ಮಂಚದ ಮೇಲೆ ಮುದುಕಿ ಗೋಡೆಗೆ ಒರಗಿ ಕೂತಿದ್ದರು. ಯಾರೋ ಬಂದ ಸದ್ದಿಗೆ ಮುಖವೆತ್ತಿ, "ಬಾಮ್ಮ, ಕೂತ್ಕೋ. ನನ್ನ ಸೊಸೆ ಪಾಠ ಓದ್ತಾಳಂತೆ. ನಾನು ಸೀಗೆಕಾಯಿ ಕುಟ್ಟಿದವಳಲ್ಲ, ಆದ್ರೂ ಗುಣ ನಂದೇ ಅಂತ ಬರ್ದಿದಾಳೆ. ಊರ ಮಕ್ಕಳೆಲ್ಲ ಓದ್ತಾರೆ," ಎಂದರು.

ಆಂಡಾಳ್ ಓದತೊಡಗಿದಳು. ಹಿತ್ತಲು ಬಂತು, ಒರಳು ಬಂತು, ಜಗಳ ಬಂತು. ಮಣ್ಣಿನ ಜಾಗ ಬಂದಾಗ ಅವಳ ದನಿ ಸಣ್ಣಗಾಯಿತು. ಪುಟದ ಮೇಲೆ ಇದ್ದದ್ದು ತುಳಸಮ್ಮ. ಅವಳ ಬಾಯಲ್ಲಿ ಬಂದದ್ದು, "ಗುರುಬಸಮ್ಮ ಯಾರೂ ಕಾಣದಂತೆ ಒಂದು ಹಿಡಿ ಮಣ್ಣು ತೆಗೆದುಕೊಂಡು..." ಓದುತ್ತಲೇ ಅವಳು ಕಣ್ಣೆತ್ತಿ ಸರ್ವಮಂಗಳಾಳ ಕಡೆ ನೋಡಿದಳು. ದಮ್ಮಯ್ಯ ಎನ್ನುವ ನೋಟ ಅದು. ಮುದುಕಿಯ ಮುಖದ ತುಂಬ ನಗುವಿತ್ತು.

ಸರ್ವಮಂಗಳಾ ಎದ್ದು ಹೋಗಿ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡಳು. ಆ ವಾಕ್ಯವನ್ನು ಮೊದಲಿನಿಂದ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಬಿಡಿಬಿಡಿಯಾಗಿ ಓದಿದಳು. "ತುಳಸಮ್ಮ ಯಾರೂ ಕಾಣದಂತೆ ಒಂದು ಹಿಡಿ ಮಣ್ಣು ತೆಗೆದುಕೊಂಡು ಗುರುಬಸಮ್ಮನ ಪುಡಿಗೆ ಬೆರೆಸಿದಳು." ಅಲ್ಲಿಗೆ ನಿಲ್ಲಿಸಲಿಲ್ಲ. ಒನಕೆ ಕೈಗೆ ಕೊಡುವವರೆಗೆ, ಆ ಮಾತಿನವರೆಗೆ, ಮದುವೆ ಮನೆಗೆ ಪುಡಿ ಹೋಗುವವರೆಗೆ ಓದಿದಳು. ಆಂಡಾಳ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುದುಕಿಯ ನಗು ಎಲ್ಲಿ ಅಳಿಸಿತೋ, ಮುಗಿಸುವ ಹೊತ್ತಿಗೆ ಇರಲಿಲ್ಲ.

"ಆಂಡಾಳು," ಎಂದರು ಮುದುಕಿ. "ಇವಳು ಓದಿದ್ದು ನಿಜವೇನೆ?"

ಮುದುಕಿ ಕಾಣದ ಕಣ್ಣನ್ನು ಸರ್ವಮಂಗಳಾಳ ದನಿ ಬಂದ ಕಡೆಗೆ ತಿರುಗಿಸಿದರು.

"ಯಾರಮ್ಮ ನೀನು?"

"ಗುರುಬಸಮ್ಮನ ಮೊಮ್ಮಗಳು," ಎಂದು ಸರ್ವಮಂಗಳಾ ಪುಸ್ತಕವನ್ನು ಮುದುಕಿಯ ಕೈಗೇ ಕೊಟ್ಟು ಹೊರಟಳು.